ತಾತನ ಕೋವಿ, ಅಪ್ಪನ ರಿವಾಲ್ವರು, ಮಗಳ ಏರ್ ಪಿಸ್ತೂಲು

ಬೆಂಗಳೂರು ಬಸವನಗುಡಿಯ ಓದುಗರೊಬ್ಬರ ಪತ್ರದ ಸಾರ: “ನಮ್ಮ ಮನೆಯಲ್ಲಿ ಎರಡು ಆಯುಧಗಳಿವೆ. ಸಕಲೇಶಪುರದ ಎಸ್ಟೇಟಿನಿಂದ ಬಂದ ತಾತನ ಇಂಗ್ಲಿಷ್ ಜೋಡು ನಳಿಗೆ ಕೋವಿ ಒಂದು, 1998ರಲ್ಲಿ ನಾನು ಕೊಂಡ ಕಾನ್ಪುರದ .32 ರಿವಾಲ್ವರು ಇನ್ನೊಂದು. ಎರಡೂ ಆಗಿನಿಂದ ನನ್ನ ಲೈಸೆನ್ಸಿನಲ್ಲೇ ಇವೆ. ಹೊಸತರಲ್ಲಿ ರಿವಾಲ್ವರನ್ನು ದಿನಾ ಒರೆಸುತ್ತಿದ್ದೆ. ಹತ್ತು ವರ್ಷದ ಕೆಳಗೆ ಅದನ್ನು ಕೊಟ್ಟು ಪಿಸ್ತೂಲು ಕೊಳ್ಳುವ ಹುಚ್ಚು ಹಿಡಿದಿತ್ತು. ಈಗ ನನಗೆ 62. ಎರಡನ್ನೂ ಮಾರಿ ನಿಶ್ಚಿಂತೆಯಿಂದ ಇರೋಣ ಅನ್ನಿಸುತ್ತದೆ. ಏರ್ ಪಿಸ್ತೂಲಿನಲ್ಲಿ ಸ್ಪರ್ಧೆಗೆ ಹೋಗುವ ಮಗಳು ಇವನ್ನು ಮುಟ್ಟುವುದೂ ಇಲ್ಲ. ಅಮೆರಿಕದಲ್ಲಿರುವ ತಮ್ಮ ಮಾತ್ರ ವರ್ಷಕ್ಕೊಂದು ಹೊಸ ಬಂದೂಕಿನ ಫೋಟೊ ಕಳಿಸುತ್ತಾನೆ. ಇದು ವಯಸ್ಸಿನ ಚಪಲವೋ, ಕಾಲದ್ದೋ? ನಾನೇನು ಮಾಡಲಿ?”

ಸಂಪಾದಕರ ಉತ್ತರ:

ಚಪಲ ಅಂದುಕೊಳ್ಳಬೇಡಿ. ನಿಮ್ಮ ಮನಸ್ಸು ಬದಲಾಗುವ ಎಷ್ಟೋ ಮೊದಲೇ ಆ ಕೋವಿಗಳ ಕೆಲಸ ಬದಲಾಗಿತ್ತು. ಕೆಲಸ ಹೋದ ಮೇಲೂ ಕೋವಿ ಬೀರುವಿನಲ್ಲಿ ಉಳಿಯುತ್ತದೆ. ಆಗ ಅದರ ಮೇಲಿನ ಪ್ರೀತಿ ಒಮ್ಮೆ ಜಂಬವಾಗಿ, ಒಮ್ಮೆ ಮಮತೆಯಾಗಿ, ಕೊನೆಗೆ ನಿಮಗೆ ಆಗಿರುವಂತೆ ತಲೆನೋವಾಗಿ ಕಾಣಿಸಿಕೊಳ್ಳುತ್ತದೆ.

ತಾತನ ಕಾಲಕ್ಕೆ ಜೋಡು ನಳಿಗೆ ಎಸ್ಟೇಟಿನ ಕತ್ತಿ, ಗುದ್ದಲಿಗಳ ಸಾಲಿನಲ್ಲೇ ಇದ್ದ ಸಾಮಾನು. ಸಾಮಾನ್ಯವಾಗಿ ಅದರ ಬಲ ನಳಿಗೆಯ ಬಾಯಿ ಸಡಿಲ, ಎಡ ನಳಿಗೆಯದು ಬಿಗಿ. ಹತ್ತಿರದ ಕಾಡುಕೋಳಿಗೆ ಬಲಗಡೆ ಸಣ್ಣ ಚರೆ, ದೂರದ ಹಂದಿಗೆ ಎಡಗಡೆ ಎಲ್‌ಜಿ ಎಂಬ ದಪ್ಪ ಚರೆ. ಎರಡು ಕುದುರೆ (ಟ್ರಿಗರ್), ಎರಡು ನಿರ್ಧಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಹಂತಹಂತವಾಗಿ ಅಪರಾಧವಾಯಿತು. ಕೋವಿ ಹಾಗೇ ಇತ್ತು, ಅದರ ಅರ್ಧ ಬದುಕು ಹೋಗಿತ್ತು. ಕೊಡಗಿನಲ್ಲಿ ಮಾತ್ರ ಅದಕ್ಕೆ ಬೇರೊಂದು ಬದುಕು ಮೊದಲಿನಿಂದಲೂ ಇತ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆ, ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಕೊಡವರಿಗೂ ಜಮ್ಮಾ ಎಂಬ ಹಳೆಯ ಬಗೆಯ ಭೂಮಿ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಆದ್ದರಿಂದ ಅಲ್ಲಿ ಹಳೆಯ ಕೋವಿಯ ಮೇಲಿನ ಭಾವನೆ ನಮ್ಮ ಬಯಲುಸೀಮೆಯಷ್ಟು ಬೇಗ ಆರಲಿಲ್ಲ.

ನಿಮ್ಮ ರಿವಾಲ್ವರಿನ ಕಥೆ ಬೇರೆ. “.32 ನನ್ನ ಆಯ್ಕೆ” ಅಂತ ಹೇಳುವವರು ಬಹಳ, ಆದರೆ ಆಯ್ಕೆ ಮಾಡಿದ್ದು ಕಾನೂನು. 9 ಎಂಎಂ, .38, .45 ಇವೆಲ್ಲ ನಿಷೇಧಿತ ಬೋರುಗಳು, ಅಂದರೆ ಖಾಸಗಿಯವರಿಗೆ ಕೊಡದ ನಳಿಗೆ ಅಳತೆಗಳು. ಪೊಲೀಸರ, ಸೇನೆಯ ಮದ್ದುಗುಂಡು ಖಾಸಗಿಯವರ ಕೈಗೆ ಹೋಗಬಾರದೆಂಬುದು ಹಳೆಯ ಲೆಕ್ಕಾಚಾರ. ರೈಫಲ್ ಬೇಕೆಂದವರಿಗೆ .303 ಬದಲು .315 ಸಿಕ್ಕಿದ್ದೂ ಅದೇ ಕಾರಣಕ್ಕೆ. 1980ರ ದಶಕದಲ್ಲಿ ಸಾಮಾನ್ಯ ಲೈಸೆನ್ಸುದಾರರಿಗೆ ವಿದೇಶಿ ಆಯುಧದ ಆಮದೂ ನಿಂತಿತು. ಆಮೇಲೆ ಉಳಿದದ್ದು ಸರ್ಕಾರಿ ಕಾರ್ಖಾನೆಯ ಮಾಲು, ಇಲ್ಲವೇ ಯಾರಾದರೂ ಮಾರುವ ಹಳೆಯ ವೆಬ್ಲಿ. ಹಳೆಯ ವಿದೇಶಿ ರಿವಾಲ್ವರಿಗೆ ಇವತ್ತಿಗೂ ಹೊಸ ದೇಶಿಯದಕ್ಕಿಂತ ಹೆಚ್ಚು ಬೆಲೆ ಬರುವುದಕ್ಕೆ ಅದರ ಗುಣ ಅರ್ಧ ಕಾರಣ, ಅಭಾವ ಇನ್ನರ್ಧ.

ನಿಮ್ಮ ತಮ್ಮನ ಊರಿನಲ್ಲಿ ಇದನ್ನೆಲ್ಲ ಮಾರುಕಟ್ಟೆ ತೀರ್ಮಾನಿಸುತ್ತದೆ. ಬಂದೂಕು ಇಟ್ಟುಕೊಳ್ಳಲು ಮುಖ್ಯ ಕಾರಣವೇನೆಂದು 1999ರಲ್ಲಿ ಅಮೆರಿಕದ ಬಂದೂಕುದಾರರನ್ನು ಕೇಳಿದಾಗ ಶೇ. 49 ಮಂದಿ ಬೇಟೆ ಅಂದಿದ್ದರು, ರಕ್ಷಣೆ ಅಂದವರು ಶೇ. 26. 2013ರಲ್ಲಿ ಪ್ಯೂ ಸಂಶೋಧನಾ ಕೇಂದ್ರ ಕೇಳಿದಾಗ ಲೆಕ್ಕ ತಿರುಗಿತ್ತು: ರಕ್ಷಣೆ ಶೇ. 48, ಬೇಟೆ ಶೇ. 32. ಬೇಟೆಯ ರೈಫಲಿನಿಂದ ಸೊಂಟದ ಪಿಸ್ತೂಲಿಗೆ ಜನ ಸರಿದದ್ದು ಈ ದಾರಿಯಲ್ಲಿ. ಅಲ್ಲಿ ಬಲ್ಲವರ ರುಚಿಯೂ ಚಕ್ರದಂತೆ ತಿರುಗಿದೆ. 1986ರ ಮಯಾಮಿ ಗುಂಡಿನ ಕಾಳಗದಲ್ಲಿ ಇಬ್ಬರು ಎಫ್‌ಬಿಐ ಸಿಬ್ಬಂದಿ ಸತ್ತ ಮೇಲೆ 9 ಎಂಎಂ ಸಾಲದು ಅನ್ನಿಸಿ 10 ಎಂಎಂ ಬಂತು. ಅದರ ಒದೆತ ತಡೆಯಲಾಗದೆ 1990ರ ಹೊತ್ತಿಗೆ .40 ಬಂತು. ಗುಂಡುಗಳ ತಯಾರಿಕೆ ಸುಧಾರಿಸಿದ ಮೇಲೆ ಅದೇ ಸಂಸ್ಥೆ ಮತ್ತೆ 9 ಎಂಎಂಗೆ ಮರಳಿತು. ಸುತ್ತಿ ಬರಲು ಸುಮಾರು ಮೂವತ್ತು ವರ್ಷ. ಫೋಟೊ ನೋಡಿ ಹೊಟ್ಟೆ ಉರಿಸಿಕೊಳ್ಳುವಾಗ ಇದು ನೆನಪಿರಲಿ.

ಹತ್ತು ವರ್ಷದ ಹಿಂದಿನ ಪಿಸ್ತೂಲಿನ ಆಸೆಗೆ ಬರೋಣ. ಮೊದಲ ತೊಡಕು ಲೆಕ್ಕದ್ದು. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡೇ ಆಯುಧ. ಅದಕ್ಕೆ ಮೊದಲು ಮೂರು ಇಡಬಹುದಿತ್ತು. ಹಾಗಾಗಿ ಕೋವಿ, ರಿವಾಲ್ವರುಗಳಲ್ಲಿ ಒಂದು ಹೋಗದೆ ಪಿಸ್ತೂಲು ಬರುವಂತಿಲ್ಲ. ಎರಡನೆಯದು ತೋಟಾದ್ದು. ಎರಡರ ಮೇಲೂ .32 ಅಂತಲೇ ಇದ್ದರೂ ತೋಟಾ ಒಂದಲ್ಲ. ರಿವಾಲ್ವರಿನದು ಉದ್ದ, ಬುಡದಲ್ಲಿ ಅಗಲ ಅಂಚು, ಪಿಸ್ತೂಲಿನದು ಗಿಡ್ಡ. ನಿಮ್ಮಲ್ಲಿ ಉಳಿದ ತೋಟಾ ಹೊಸ ಪಿಸ್ತೂಲಿಗೆ ಉಪಯೋಗಕ್ಕೆ ಬರುವುದಿಲ್ಲ.

ಮೂರನೆಯದು ಕೈ. ವಯಸ್ಸಾದವರು ಪಿಸ್ತೂಲಿನ ಕಡೆ ವಾಲುವುದು ಅದು ಚಪ್ಪಟೆ, ಹಗುರ ಅಂತ. ಆದರೆ ಈ ಗಾತ್ರದ ಪಿಸ್ತೂಲುಗಳಲ್ಲಿ ಒದೆತವನ್ನು ತಡೆಯುವುದು ಸ್ಲೈಡಿನ (ಮೇಲೆ ಹಿಂದೆಮುಂದೆ ಸರಿಯುವ ಉಕ್ಕಿನ ಭಾಗದ) ಭಾರ ಮತ್ತು ಸ್ಪ್ರಿಂಗು ಮಾತ್ರ. ಆದ್ದರಿಂದ ಸ್ಪ್ರಿಂಗು ಗಡುಸು. ಹೆಬ್ಬೆರಳಿನ ಬುಡ ನೋಯುವವರಿಗೆ ಸ್ಲೈಡ್ ಎಳೆಯುವುದೇ ಕಷ್ಟ. ಅರ್ಧ ಎಳೆದು ಬಿಟ್ಟರೆ ತೋಟಾ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ರಿವಾಲ್ವರಿನಲ್ಲಿ ಈ ಗೋಳಿಲ್ಲ, ಬೇರೆಯದಿದೆ. ಹಗುರದ ರಿವಾಲ್ವರು ಹೆಚ್ಚು ಒದೆಯುತ್ತದೆ. 2014ರಲ್ಲಿ ಬಂದ ‘ನಿರ್ಭೀಕ್’ ಸುಮಾರು 500 ಗ್ರಾಂ, ಪರ್ಸಿನಲ್ಲಿ ಹಿಡಿಯುತ್ತದೆ ಅಂತ ಮೆಚ್ಚಿದವರು ಅದರಲ್ಲಿ ಆರು ಈಡು ಹೊಡೆದು ನೋಡಿದ್ದು ಅಪರೂಪ. ನಿಮ್ಮ ಹಳೆಯ ಭಾರದ ರಿವಾಲ್ವರೇ ನಿಮ್ಮ ಕೈಗೆ ಮೃದು.

ಕೈ ಪರೀಕ್ಷೆಗೆ ಹೀಗೆ ಮಾಡಿ. ಸಿಲಿಂಡರ್ ತೆರೆದು ಆರೂ ತೂತು ಖಾಲಿ ಇವೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಂಡು, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ಆರರಲ್ಲೂ ಡಮ್ಮಿ ತೋಟಾ ಹಾಕಿ. ಬರಿದಾಗಿ ಹೊಡೆದರೆ ಸುತ್ತಿಗೆಯ ಮೊನೆಗೆ ಪೆಟ್ಟು. ಗಟ್ಟಿ ಗೋಡೆಯತ್ತ ಗುರಿಯಿಟ್ಟು, ಸುತ್ತಿಗೆಯನ್ನು ಕೈಯಿಂದ ಹಿಂದೆಳೆಯದೆ, ಕುದುರೆಯನ್ನೇ ಆರು ಸಲ ಒತ್ತಿ. ಪ್ರತಿ ಸಲ ಸುತ್ತಿಗೆ ಬಿದ್ದಾಗ ನಳಿಗೆಯ ತುದಿಯ ಗುರಿ ಮಣಿ ಎಷ್ಟು ತಗ್ಗುತ್ತದೆ ನೋಡಿ. ನಾಲ್ಕನೆಯದಕ್ಕೇ ಕೈ ನಡುಗಿದರೆ, ರಾತ್ರಿ ಕಳ್ಳ ಬಂದಾಗ ಅದು ನಿಮ್ಮನ್ನು ಕಾಯುತ್ತದೆ ಅನ್ನುವುದನ್ನು ಬಿಟ್ಟುಬಿಡಿ. ಲೈಸೆನ್ಸಿನಲ್ಲಿ ಬರೆದ ವರ್ಷದ ತೋಟಾ ಮಿತಿಯೊಳಗೆ ಅಭ್ಯಾಸ ಮಾಡುವವರು ಕಡಿಮೆ. ಕೊಂಡ ಮೊದಲ ಡಬ್ಬಿಯನ್ನೇ ಇಪ್ಪತ್ತು ವರ್ಷ ಇಟ್ಟುಕೊಂಡವರು ಹೆಚ್ಚು. ಅಭ್ಯಾಸವಿಲ್ಲದ ಆಯುಧದ ಮೇಲೆ ಭಯವೋ ಬೇಸರವೋ ಹುಟ್ಟುವುದು ಸಹಜ. ನಿಮ್ಮದು ಅದೇ ಇರಬಹುದು.

ಆ ಹಳೆಯ ಡಬ್ಬಿಯ ಬಗ್ಗೆ ಒಂದು ಮಾತು. ರಿವಾಲ್ವರನ್ನು ಚರ್ಮದ ಕವಚದಲ್ಲೇ ಬೀರುವಿಗೆ ಸೇರಿಸಿದರೆ ಚರ್ಮ ತೇವ ಹಿಡಿದು ಉಕ್ಕಿಗೆ ತುಕ್ಕು, ಹಿತ್ತಾಳೆಗೆ ಹಸಿರು ಕಿಲುಬು ಹತ್ತಿಸುತ್ತದೆ. ಕಿಲುಬಿನ ತೋಟಾ ಹೊಡೆಯಬೇಡಿ. ಅಭ್ಯಾಸದಲ್ಲಿ ಕುದುರೆ ಎಳೆದಾಗ ಟಕ್ ಎಂದು ಸುಮ್ಮನಾದರೆ ಬಾಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ, ತಡವಾಗಿ ಹಾರುವುದುಂಟು. ಇದಕ್ಕಿಂತ ಅಪಾಯ ‘ಪುಸ್’ ಎಂಬ ಸದ್ದು. ಗುಂಡು ನಳಿಗೆಯಲ್ಲೇ ನಿಂತಿರುತ್ತದೆ. ಮುಂದಿನದನ್ನು ಹೊಡೆದರೆ ನಳಿಗೆ ಉಬ್ಬುತ್ತದೆ, ಸೀಳಲೂಬಹುದು. ಅಲ್ಲಿಗೇ ನಿಲ್ಲಿಸಿ ಖಾಲಿ ಮಾಡಿ ನೋಡಿ. ಕೊಬ್ಬರಿ ಎಣ್ಣೆ ಸವರುವ ಮಲೆನಾಡಿನ ರೂಢಿಯೂ ಬೇಡ. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಅದು ಹೆಪ್ಪುಗಟ್ಟುತ್ತದೆ, ವರ್ಷ ಕಳೆದರೆ ಅಂಟಾಗಿ ಕುದುರೆಯನ್ನು ಕಟ್ಟಿಹಾಕುತ್ತದೆ. ಕೋವಿಯ ಎಣ್ಣೆ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸಾಕು.

ನಮಗೆ ಹೆಚ್ಚು ಕುತೂಹಲ ನಿಮ್ಮ ಮಗಳ ಬಗ್ಗೆ. ಅವರು ಕೋವಿ ಮುಟ್ಟುವುದಿಲ್ಲ ಅನ್ನುವುದನ್ನು ತಿರಸ್ಕಾರ ಅಂದುಕೊಳ್ಳಬೇಡಿ. 2008ರ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲಿನಲ್ಲಿ ಚಿನ್ನ ಗೆದ್ದ ಮೇಲೆ, 2024ರಲ್ಲಿ ಮನು ಭಾಕರ್ ಎರಡು ಕಂಚು ತಂದ ಮೇಲೆ, ಈ ತಲೆಮಾರಿಗೆ ಆಯುಧವೆಂದರೆ 10 ಮೀಟರ್ ದೂರದ ಎಲೆಕ್ಟ್ರಾನಿಕ್ ಗುರಿ, 75 ನಿಮಿಷ, 60 ಈಡು. ಅವರ ಪಿಸ್ತೂಲು 1500 ಗ್ರಾಂ ಮೀರುವಂತಿಲ್ಲ, ಕುದುರೆ 500 ಗ್ರಾಂ ಭಾರಕ್ಕಿಂತ ಹಗುರ ಇರುವಂತಿಲ್ಲ. 20 ಜೂಲ್ ಮೀರದ .177 ಬೋರಿನ ಏರ್ ಆಯುಧಕ್ಕೆ ಲೈಸೆನ್ಸೇ ಬೇಡ. ಹೀಗೆ ಬೆಳೆದವರಿಗೆ, ಹಾಸಿಗೆಯ ಪಕ್ಕ ತುಂಬಿಟ್ಟ ರಿವಾಲ್ವರು ನಿಯಮ ಮುರಿದಂತೆ ಕಾಣುತ್ತದೆ. ಅವರ ಲೇನಿನಲ್ಲಿ ಅಪ್ಪಣೆಯಿಲ್ಲದೆ ಪೆಲೆಟ್ ತುಂಬುವುದೂ ತಪ್ಪು. ನಿಮ್ಮ ಮನೆಯಲ್ಲಿ ಆಯುಧದ ಶಿಸ್ತು ಹೆಚ್ಚು ತಿಳಿದವರು ಅವರೇ ಅಂದರೆ ಬೇಸರಿಸಬೇಡಿ.

ಈಗ ಮಾಡಬೇಕಾದ್ದು. ರಿವಾಲ್ವರು ಮಾರಿ. ಅದಕ್ಕಿದ್ದ ಕೆಲಸ ಮುಗಿದಿದೆ, ಮಗಳಿಗೆ ಬೇಡ. ಮಾರುವ ಉದ್ದೇಶವನ್ನು ಲೈಸೆನ್ಸ್ ಕೊಟ್ಟ ಪ್ರಾಧಿಕಾರಕ್ಕೋ, ಅಂದರೆ ನಿಮ್ಮ ಮಟ್ಟಿಗೆ ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಗೋ, ಹತ್ತಿರದ ಠಾಣೆಗೋ ಬರೆದು ತಿಳಿಸಿ, ಸ್ವೀಕೃತಿ ಇಟ್ಟುಕೊಂಡು, 45 ದಿನ ಕಳೆಯುವವರೆಗೆ ಕೈ ಬದಲಾಯಿಸಬೇಡಿ. ಕೊಳ್ಳುವವರ ಲೈಸೆನ್ಸಿನಲ್ಲಿ ಅದೇ ಬೋರು, ಅದೇ ಬಗೆ ನಮೂದಾಗಿದೆಯೇ ನೋಡಿ.

ತಾತನ ಕೋವಿಯ ಬಗ್ಗೆ ಅವಸರ ಬೇಡ, ಮೊದಲು ಅದನ್ನು ಓದಿ. ಮಡಚಿ ಖಾಲಿ ಮಾಡಿ, ಕೆಳಗಿನ ಮರದ ತುಂಡು ಬಿಚ್ಚಿ, ನಳಿಗೆಗಳನ್ನು ಬೇರ್ಪಡಿಸಿ. ನಳಿಗೆಯ ಬುಡದ ಚಪ್ಪಟೆ ಭಾಗದಲ್ಲಿ ಪ್ರೂಫ್ ಮುದ್ರೆಗಳು, ಅಂದರೆ ನಳಿಗೆಯ ಬಲ ಪರೀಕ್ಷಿಸಿ ಒತ್ತಿದ ಗುರುತುಗಳು, ಇರುತ್ತವೆ. ಅಲ್ಲಿ 2½ ಇಂಚು ಅಂತಿದ್ದರೆ ಅದು 65 ಮಿಲಿಮೀಟರಿನ ಚೇಂಬರು, ಅಂದರೆ ತೋಟಾ ಕೂರುವ ಗೂಡು. ಇವತ್ತು ಮಾಮೂಲಾಗಿ ಸಿಗುವ 70 ಮಿಲಿಮೀಟರಿನ ತೋಟಾ ಅದಕ್ಕೆ ಆಗದು. ಮೋಸ ಇರುವುದೇ ಇಲ್ಲಿ: ಹೊಡೆಯುವ ಮೊದಲು ತುದಿ ಮಡಚಿರುವುದರಿಂದ ಉದ್ದದ ತೋಟಾ ಸಲೀಸಾಗಿ ಒಳಗೆ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ. ಹೊಡೆದಾಗ ಆ ಮಡಿಕೆ ಬಿಚ್ಚಿ ನಳಿಗೆಯ ಕಿರಿದಾದ ಕುತ್ತಿಗೆಗೆ ಚಾಚುತ್ತದೆ, ಒತ್ತಡ ಏರುತ್ತದೆ. ಹಳೆಯ ಕೋವಿ “ಇತ್ತೀಚೆಗೆ ತುಂಬಾ ಒದೆಯುತ್ತದೆ” ಅನ್ನುವವರು ಈ ಅಳತೆ ನೋಡಿರುವುದಿಲ್ಲ. ನಳಿಗೆಯ ಮೇಲೆ ಹಾವಿನ ಪೊರೆಯಂಥ ಸುರುಳಿ ಗೆರೆಗಳಿದ್ದರೆ ಅದು ಡಮಾಸ್ಕಸ್, ಗೋಡೆಗೆ ಚೆಂದ, ಇವತ್ತಿನ ತೋಟಾಗೆ ಅಲ್ಲ. ಮುಂದೆ ಬೆಳಕಿನತ್ತ ಹಿಡಿದು ಒಳಗೆ ನೋಡಿ. ಉಂಗುರದಂತೆ ನೆರಳು ಕಂಡರೆ ಉಬ್ಬು, ಕಪ್ಪು ಚುಕ್ಕೆ ಕಂಡರೆ ತುಕ್ಕಿನ ಗುಳಿ. ನಳಿಗೆಗಳನ್ನು ಬುಡದ ಕೊಕ್ಕೆಯಿಂದ ತೂಗಿಬಿಟ್ಟು ಪೆನ್ಸಿಲಿನಿಂದ ತಟ್ಟಿ. ಗಂಟೆಯಂತೆ ನಾದ ಬಂದರೆ ನಡುವಿನ ಬೆಸುಗೆ ಗಟ್ಟಿ, ಒಡೆದ ಮಡಕೆಯ ಸದ್ದಾದರೆ ಬಿಟ್ಟಿದೆ. ಮತ್ತೆ ಜೋಡಿಸಿ, ಮರದ ತುಂಡು ಹಾಕದೆ ಅಲುಗಾಡಿಸಿ. ಕಟಕಟ ಅಂದರೆ ಪರವಾನಗಿಯಿರುವ ದುರಸ್ತಿಯವರಿಗೆ ತೋರಿಸದೆ ಹೊಡೆಯಬೇಡಿ.

ಕೋವಿ ಗಟ್ಟಿಯಿದ್ದು ಮಗಳು ಒಪ್ಪಿದರೆ ಅವರಿಗೇ ಕೊಡಿ. 2016ರ ಆಯುಧ ನಿಯಮಗಳಲ್ಲಿ, ಲೈಸೆನ್ಸುದಾರರಿಗೆ 70 ತುಂಬಿದ್ದರೆ ಅಥವಾ ಆಯುಧ ಅವರ ಬಳಿ 25 ವರ್ಷ ಇದ್ದಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ನಿಮ್ಮದು 1998ರಿಂದ ಇದೆ, ಅವಧಿ ಮುಗಿದಿದೆ. ಮಗಳಿಗೆ 21 ದಾಟಿರಬೇಕು, ಉಳಿದ ವಾರಸುದಾರರು ತಕರಾರಿಲ್ಲವೆಂದು ಬರೆದುಕೊಡಬೇಕು, ತರಬೇತಿ ಪ್ರಮಾಣಪತ್ರ ಬೇಕು. ಇಲ್ಲಿ ತಡೆ ಬೀಳುವುದು ಹೆಚ್ಚಾಗಿ ಅಣ್ಣತಮ್ಮಂದಿರ ಸಹಿಯಲ್ಲಿ. ಅಮೆರಿಕದ ತಮ್ಮ ಮುಂದಿನ ಸಲ ಊರಿಗೆ ಬಂದಾಗ, ತಾತನ ಆಸ್ತಿಯ ಪಾಲಿನ ಮಾತೇನಾದರೂ ಬಾಕಿಯಿದ್ದರೆ ಮುಗಿಸಿಕೊಳ್ಳಿ.

ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಠೇವಣಿ ಇಡುವ ಕಿರಿಕಿರಿಯೂ ನಿಮ್ಮ ಬೇಸರದ ಹಿಂದಿದೆ ಎಂದು ಊಹಿಸುತ್ತೇವೆ. ಇಡುವ ಮುನ್ನ ಎಣ್ಣೆ ಹಾಕಿ, ನಂಬರ್ ಮತ್ತು ಮರದ ಸ್ಥಿತಿ ಕಾಣುವಂತೆ ಫೋಟೊ ತೆಗೆದು, ರಸೀದಿಯಲ್ಲಿ ನಂಬರ್ ಸರಿಯಾಗಿ ಬರೆಸಿಕೊಳ್ಳಿ. ವಾಪಸು ತಂದ ದಿನವೇ ಬಿಚ್ಚಿ ಒರೆಸಿ. ಲೈಸೆನ್ಸ್ ಈಗ ಐದು ವರ್ಷಕ್ಕೊಮ್ಮೆ ನವೀಕರಣ, ಕೊನೆಯ ದಿನಕ್ಕೆ ಕನಿಷ್ಠ ಎರಡು ತಿಂಗಳ ಮೊದಲೇ ಅರ್ಜಿ ಹೋಗಲಿ.

ಇನ್ನೊಂದು, ಮಾರುವವರೆಲ್ಲ ಮರೆಯುವುದು: ರಿವಾಲ್ವರು ಹೋದ ಮೇಲೆ ಡ್ರಾಯರಿನ ಮೂಲೆಯಲ್ಲಿ ಉಳಿಯುವ ಎಂಟೋ ಹತ್ತೋ ತೋಟಾ. ಲೈಸೆನ್ಸಿನಿಂದ ಆಯುಧದ ಹೆಸರು ತೆಗೆದ ದಿನದಿಂದ ಅವು ಅಕ್ರಮ. ಎಣಿಸಿ, ಅಂಗಡಿಗೋ ಠಾಣೆಗೋ ಒಪ್ಪಿಸಿ, ಅದಕ್ಕೂ ರಸೀದಿ ತೆಗೆದುಕೊಳ್ಳಿ.