ನೂರೆಂಬತ್ತು ನೋಟ್‌ಪುಸ್ತಕ, ಒಂದು ಭಾನುವಾರ

ಪ್ರಶ್ನೆ: ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ಒಂಬತ್ತನೇ ತರಗತಿಯ ಎರಡು ವಿಭಾಗ, ಹತ್ತನೆಯದರ ಒಂದು ವಿಭಾಗ ಸೇರಿ 180 ಮಕ್ಕಳು. ದಿನಕ್ಕೆ ಸಿಗುವ ಒಂದು ಬಿಡುವಿನ ಅವಧಿಯೂ ರಜೆ ಹಾಕಿದವರ ತರಗತಿಗೆ ಹೋಗುತ್ತದೆ. ಪುಸ್ತಕಗಳನ್ನು ಮನೆಗೆ ಹೊತ್ತು ತಂದು ಭಾನುವಾರ ತಿದ್ದುತ್ತೇನೆ. ಬೆಳಿಗ್ಗೆ ಒಂದು ಗಂಟೆ ಮೊದಲೇ ಏಳುವ ಅಭ್ಯಾಸ ಮಾಡಿಕೊಂಡರೆ ಸರಿಹೋದೀತೇ?
– ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಬೇಡ. ಈಗ ಏಳುವ ಹೊತ್ತಿಗೇ ಏಳಿ. ಒಂದು ಪುಸ್ತಕಕ್ಕೆ ಬರೀ ಎರಡು ನಿಮಿಷ ಎಂದು ಹಿಡಿದರೂ 180 ಪುಸ್ತಕಗಳಿಗೆ ಆರು ಗಂಟೆ ಬೇಕು. ನೀವು ಎಷ್ಟು ಬೇಗ ಎದ್ದರೂ ಆ ಹೊತ್ತನ್ನು ಪುಸ್ತಕಗಳೇ ನುಂಗುತ್ತವೆ. ನಿಮಗೆ ಬೇಕಿರುವುದು ಇನ್ನೊಂದು ಗಂಟೆಯಲ್ಲ, ಕೈಬಿಡಬಹುದಾದ ಒಂದು ಕೆಲಸ.

ಆ ಕೆಲಸ ಪ್ರತಿ ಪುಸ್ತಕದ ಪ್ರತಿ ತಪ್ಪಿಗೂ ಕೆಂಪು ಶಾಯಿ ಹಾಕುವುದು. ಇದು ಮಕ್ಕಳಿಗಿಂತ ಹೆಚ್ಚಾಗಿ ತಪಾಸಣೆಗೆ ಬರುವವರ ಕಣ್ಣಿಗಾಗಿ ಉಳಿದುಕೊಂಡಿರುವ ಪದ್ಧತಿ ಎಂಬುದು ನಮಗೆಲ್ಲ ಗೊತ್ತು. ಮಗು ಪುಸ್ತಕ ತೆರೆದು ಅಂಕ ನೋಡುತ್ತದೆ, ಪಕ್ಕದವನ ಅಂಕ ನೋಡುತ್ತದೆ, ಮುಚ್ಚುತ್ತದೆ. ಇಸ್ರೇಲಿನ ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಟಿಪ್ಪಣಿಯನ್ನಷ್ಟೇ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ.

ಹೀಗೆ ಮಾಡಿ ನೋಡಿ. ಒಂಬತ್ತನೇ ತರಗತಿಯ ಒಂದು ವಿಭಾಗಕ್ಕೆ ಪ್ರಬಂಧ ಬರೆಸಿದ್ದೀರಿ ಎಂದುಕೊಳ್ಳೋಣ. ಪುಸ್ತಕಗಳನ್ನು ಪೆನ್ನು ಹಿಡಿಯದೆ ಓದಿ. ಪಕ್ಕದಲ್ಲಿ ಒಂದೇ ಒಂದು ಹಾಳೆ ಇರಲಿ. ಹತ್ತು ಪುಸ್ತಕ ದಾಟುವಷ್ಟರಲ್ಲಿ ತಪ್ಪುಗಳು ಮರುಕಳಿಸತೊಡಗುತ್ತವೆ: ‘ಬಾರತ’, ‘ವಿದ್ಯಾರ್ತಿ’, ‘ಹಕ್ಕಿ’ಯ ಜಾಗದಲ್ಲಿ ‘ಅಕ್ಕಿ’, ಬಹುವಚನದ ಕರ್ತೃವಿಗೆ ಏಕವಚನದ ಕ್ರಿಯಾಪದ, ಮೊದಲಿನಿಂದ ಕೊನೆಯವರೆಗೆ ಒಂದೇ ಪ್ಯಾರಾ. ಅವುಗಳಲ್ಲಿ ಮೂರನ್ನು ಮಾತ್ರ ಆರಿಸಿಕೊಳ್ಳಿ. ಮರುದಿನ ಹೆಸರು ಹೇಳದೆ ನಾಲ್ಕು ತಪ್ಪು ವಾಕ್ಯಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ, ತರಗತಿಯಿಂದಲೇ ತಿದ್ದಿಸಿ. ಬಳಿಕ ಹತ್ತು ನಿಮಿಷ ಎಲ್ಲರೂ ತಮ್ಮ ತಮ್ಮ ಬರಹದಲ್ಲಿ ಆ ಮೂರು ಬಗೆಯ ತಪ್ಪುಗಳನ್ನು ಹುಡುಕಿ ಪೆನ್ಸಿಲಿನಿಂದ ಸರಿಪಡಿಸಲಿ. ಕೆಂಪು ಪೆನ್ನಿನ ಕೆಲಸ ಮಗುವಿನ ಕೈಗೆ ಹೋಯಿತು, ಹೋಗಬೇಕಾದದ್ದೂ ಅಲ್ಲಿಗೇ.

ವಿವರವಾಗಿ ತಿದ್ದುವುದನ್ನು ಪೂರ್ತಿ ಬಿಡಬೇಕಿಲ್ಲ. ವಾರಕ್ಕೊಂದು ವಿಭಾಗದಂತೆ ಸರದಿ ಮಾಡಿಕೊಳ್ಳಿ, ಉಳಿದೆರಡಕ್ಕೆ ಮೇಲಿನ ಕ್ರಮ ಸಾಕು. ಈ ಏರ್ಪಾಡನ್ನು ಮುಖ್ಯ ಶಿಕ್ಷಕರಿಗೆ ಮೊದಲೇ ತಿಳಿಸಿ, ಆ ಹಾಳೆಗಳನ್ನು ದಿನಾಂಕ ಹಾಕಿ ಕಡತದಲ್ಲಿಡಿ. ಸಹಿ ಎಲ್ಲಿ ಎಂದು ಕೇಳುವವರಿಗೆ ಸಹಿಗಿಂತ ಗಟ್ಟಿಯಾದ ದಾಖಲೆ ಅದು. ಕಲಿಕೆಯ ನಡುನಡುವೆ ಮಕ್ಕಳ ಪ್ರಗತಿ ನೋಡುವ ರೂಪಣಾತ್ಮಕ ಮೌಲ್ಯಮಾಪನಗಳು ವರ್ಷಕ್ಕೆ ನಾಲ್ಕು ಹೇಗೂ ಇವೆ. ಅದಕ್ಕೆಂದೇ ಬೇರೆ ಚಟುವಟಿಕೆ ಹುಡುಕುತ್ತ ಅಲೆಯದೆ, ಇದೇ ಬರಹಗಳಲ್ಲಿ ಒಂದನ್ನು ಅದಕ್ಕೆ ಬಳಸಿಕೊಳ್ಳಿ.

ಇನ್ನೊಂದು ಸೋರಿಕೆ ತರಗತಿಯೊಳಗೇ ಇದೆ. ಹಾಜರಿ, ಪುಸ್ತಕ ತೆಗೆಯುವುದು, ಹಿಂದಿನ ಅವಧಿಯ ಹಲಗೆ ಒರೆಸುವುದು ಎನ್ನುತ್ತ ನಲವತ್ತು ನಿಮಿಷದ ಅವಧಿಯಲ್ಲಿ ಐದು ನಿಮಿಷ ಹೋದರೆ, ದಿನಕ್ಕೆ ಆರು ಅವಧಿಗೆ ಅರ್ಧ ಗಂಟೆ. 220 ದಿನಗಳಿಗೆ 110 ಗಂಟೆ. ಹಲಗೆ ಒರೆಸುವವರ ಸರದಿ ಗೋಡೆಯ ಮೇಲಿರಲಿ. ನೀವು ಒಳಗೆ ಬರುವಷ್ಟರಲ್ಲಿ ಮಕ್ಕಳು ನಿನ್ನೆಯ ಪಾಠದಿಂದ ಒಂದು ವಾಕ್ಯ ಬರೆಯುತ್ತಿರಬೇಕು ಎಂಬ ರೂಢಿ ಹಾಕಿ. ಜೂನ್ ತಿಂಗಳನ್ನು ಇದಕ್ಕೇ ಮೀಸಲಿಟ್ಟರೂ ನಷ್ಟವಿಲ್ಲ.

ಆದರೆ ಒಂದು ಕಡೆ ಉಳಿತಾಯ ಮಾಡಬೇಡಿ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ದೀರ್ಘವಾಗುತ್ತದೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ ಎಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಪಾಠ ಮುಗಿಸುವ ಅವಸರದಲ್ಲಿ ನಾವು ಕದಿಯುವುದು ಆ ಎರಡು ಸೆಕೆಂಡುಗಳನ್ನೇ.

ಪ್ರಶ್ನೆ: ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆ. ಪ್ರಭಾರಿ ಮುಖ್ಯ ಶಿಕ್ಷಕನೂ ನಾನೇ, ಒಂದರಿಂದ ಮೂರನೇ ತರಗತಿಯವರನ್ನು ಒಟ್ಟಿಗೆ ಕೂರಿಸಿ ಕಾರ್ಡುಗಳಿಂದ ಕಲಿಸುವ ನಲಿಕಲಿಯೂ ನನ್ನದೇ. ಬಿಸಿಯೂಟ, ಹಾಲು, ಮಾಹಿತಿ ಕಳಿಸುವುದು ಎಲ್ಲ ಮುಗಿಯುವಷ್ಟರಲ್ಲಿ ಪಾಠಕ್ಕೆ ಹೊತ್ತೇ ಇರುವುದಿಲ್ಲ.
– ಶಿಕ್ಷಕ, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮದು ಪೂರ್ತಿಯಾಗಿ ಸಮಯ ನಿರ್ವಹಣೆಯ ಸಮಸ್ಯೆಯಲ್ಲ, ಹುದ್ದೆ ಖಾಲಿ ಇಡುವವರ ಸಮಸ್ಯೆ. ಅದನ್ನು ನಿಮ್ಮ ಆಲಸ್ಯವೆಂದು ಒಪ್ಪಿಕೊಳ್ಳಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯನ್ನು ಬಿಟ್ಟು ಬೇರೆ ಶೈಕ್ಷಣಿಕವಲ್ಲದ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಅದೇ ಕಾಯ್ದೆಯ ಅನುಸೂಚಿ ವಾರಕ್ಕೆ ಕನಿಷ್ಠ 45 ಗಂಟೆ ಎಂದು ಹೇಳುವಾಗ ಪೂರ್ವಸಿದ್ಧತೆಯ ಗಂಟೆಗಳನ್ನೂ ಸೇರಿಸಿಯೇ ಎಣಿಸುತ್ತದೆ. ಕುಳಿತು ಕಾರ್ಡು ಜೋಡಿಸುವುದೂ ಕೆಲಸವೇ.

ನಿಮ್ಮ ಕೈಯಲ್ಲಿರುವುದು ಇಷ್ಟು. ಹಾಜರಿ ಕರೆಯುವಾಗಲೇ ಊಟ, ಹಾಲಿನ ಲೆಕ್ಕವನ್ನೂ ಬರೆದು ಅಡುಗೆಯವರಿಗೆ ಕಳಿಸಿ. ಬಿಸಿಯೂಟದವರೆಗಿನ ಹೊತ್ತು ಮಕ್ಕಳದು, ಆಗ ಯಾವ ರಿಜಿಸ್ಟರೂ ಮೇಜಿನ ಮೇಲೆ ಬೇಡ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿಯ ಐದು ಗುಂಪುಗಳ ವ್ಯವಸ್ಥೆ ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಸ್ವಕಲಿಕೆ ಮತ್ತು ಸಹಪಾಠಿ ಬೆಂಬಲದ ಗುಂಪುಗಳು ತಾವಾಗಿ ನಡೆದರೆ ಮಾತ್ರ ನೀವು ಶಿಕ್ಷಕರ ಬೆಂಬಲ ಬೇಕಾದ ಗುಂಪಿನಲ್ಲಿ ನೆಮ್ಮದಿಯಾಗಿ ಕೂರಬಹುದು. ಹಾಗಾಗಿ ಕಾರ್ಡುಗಳನ್ನು ಹಿಂದಿನ ಸಂಜೆಯೇ ತಟ್ಟೆಗಳಿಗೆ ಹಾಕಿಡಿ. ಬೆಳಿಗ್ಗೆ ಹುಡುಕುತ್ತ ಕುಳಿತರೆ ಐದೂ ಗುಂಪು ನಿಮ್ಮ ಸುತ್ತಲೇ ನಿಂತಿರುತ್ತದೆ.

ಪ್ರಶ್ನೆ: ರಾತ್ರಿ ಹತ್ತಕ್ಕೆ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ನಾಳೆ ಬೆಳಿಗ್ಗೆಯೊಳಗೆ ಮಾಹಿತಿ ಕೊಡಿ’ ಎಂದು ಬರುತ್ತದೆ. ಏನು ಮಾಡಲಿ?
– ಶಿಕ್ಷಕಿ, ತುಮಕೂರು

ಉತ್ತರ: ಕೇಳುವುದು ಹೆಚ್ಚುಕಡಿಮೆ ಅದೇ ಮಾಹಿತಿ: ದಾಖಲಾತಿ, ಗಂಡು–ಹೆಣ್ಣು, ವರ್ಗವಾರು ಸಂಖ್ಯೆ, ಶೌಚಾಲಯ, ಕೊಠಡಿ. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತಿಂಗಳ ಮೊದಲ ದಿನ ತಿದ್ದಿ, ಫೋಟೊ ತೆಗೆದು ಮೊಬೈಲಿನಲ್ಲಿಟ್ಟುಕೊಳ್ಳಿ. ಆ ಗುಂಪಿನ ಸದ್ದನ್ನು ಸಂಜೆ ಏಳಕ್ಕೆ ಅಡಗಿಸಿ, ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಒಮ್ಮೆ ನೋಡಿ ಉತ್ತರಿಸಿ. ನಿಜವಾಗಿ ತುರ್ತಿದ್ದರೆ ನಿಮ್ಮ ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ (ಸಿ.ಆರ್.ಪಿ.) ಫೋನ್ ಮಾಡುತ್ತಾರೆ.