ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಡಾಟ್ಸನ್ ಕೊಳ್ಳುವ ಮುನ್ನ

ಪ್ರಶ್ನೆ: ಮಾನ್ಯರೇ, ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮದು ಅಡಿಕೆ ತೋಟ. ಹಳೆಯ ಜಪಾನಿ ಸ್ಪೋರ್ಟ್ಸ್ ಕಾರುಗಳೆಂದರೆ ನನಗೆ ಚಿಕ್ಕಂದಿನಿಂದಲೂ ಆಸೆ. ಬೆಂಗಳೂರಿನಲ್ಲಿ 1972ರ ಡಾಟ್ಸನ್ 240 ಝಡ್ ಒಂದು ಮಾರಾಟಕ್ಕಿದೆ. ಅನುಭವಿ ವರ್ಕ್‌ಶಾಪಿನವರು ಪೂರ್ತಿಯಾಗಿ ರಿಸ್ಟೋರ್ ಮಾಡಿದ್ದಾರೆ ಎಂದು ಮಾಲೀಕರು ಹೇಳುತ್ತಾರೆ. ಫೋಟೊಗಳಲ್ಲಿ ಹೊಸ ಕಾರಿನಂತೆಯೇ ಕಾಣುತ್ತದೆ. ಕೆಎ ನೋಂದಣಿ ಇದೆ, ಸ್ಟೀರಿಂಗ್ ಬಲಗಡೆ ಇದೆ, ಅವರು ಕಳುಹಿಸಿದ ಆರ್‌ಸಿ ಪ್ರತಿಯಲ್ಲಿ ಷಾಸಿ ನಂಬರ್ ಎಚ್‌ಎಲ್‌ಎಸ್30 ಎಂದು ಆರಂಭವಾಗುತ್ತದೆ. ಅಡಿಕೆ ಬೇಯಿಸುವ ಮನೆಯ ಪಕ್ಕದ ಶೆಡ್‌ನಲ್ಲಿ ನಿಲ್ಲಿಸಿಕೊಂಡು ಭಾನುವಾರಗಳಲ್ಲಿ ಆಗುಂಬೆ ಕಡೆ ಓಡಿಸಬೇಕೆಂದಿದ್ದೇನೆ. ಮುಂಗಡ ಕೊಡಬಹುದೇ?

ಉತ್ತರ: ಈಗಲೇ ಕೊಡಬೇಡಿ. ನಿಮ್ಮ ಪತ್ರದಲ್ಲಿರುವ ಎರಡು ಮಾತುಗಳು ಒಂದಕ್ಕೊಂದು ಹೊಂದುವುದಿಲ್ಲ. ನಿಸಾನ್ ಕಂಪನಿ ಈ ಕಾರನ್ನು 1969ರ ಕೊನೆಯಲ್ಲಿ ಜಪಾನಿನಲ್ಲಿ ಫೇರ್‌ಲೇಡಿ ಝಡ್ ಎಂಬ ಹೆಸರಿನಿಂದಲೂ ಅಮೆರಿಕದಲ್ಲಿ ಡಾಟ್ಸನ್ 240 ಝಡ್ ಎಂಬ ಹೆಸರಿನಿಂದಲೂ ಹೊರತಂದಿತು. ಬಲಗಡೆ ಸ್ಟೀರಿಂಗ್ ಇರುವ ರಫ್ತು ಕಾರುಗಳ ಷಾಸಿ ನಂಬರ್ ಎಚ್‌ಎಸ್30 ಎಂದು, ಎಡಗಡೆ ಸ್ಟೀರಿಂಗ್ ಇರುವವುಗಳದ್ದು ಎಚ್‌ಎಲ್‌ಎಸ್30 ಎಂದು ಆರಂಭವಾಗುತ್ತಿತ್ತು. ನೀವು ನೋಡಿರುವ ಕಾರು ಎಡಗಡೆ ಸ್ಟೀರಿಂಗ್ ಇಟ್ಟುಕೊಂಡೇ ಕಾರ್ಖಾನೆಯಿಂದ ಹೊರಬಿದ್ದದ್ದು. ಸ್ಟೀರಿಂಗನ್ನು ಬಲಕ್ಕೆ ತಂದದ್ದು ಆಮೇಲೆ, ಯಾವುದೋ ಗ್ಯಾರೇಜಿನಲ್ಲಿ.

ಇದು ಡ್ಯಾಶ್‌ಬೋರ್ಡ್ ಬದಲಾಯಿಸಿದಷ್ಟಕ್ಕೆ ಮುಗಿಯುವ ಕೆಲಸವಲ್ಲ. ಸ್ಟೀರಿಂಗ್ ಕಾಲಮ್, ಪೆಡಲ್‌ಗಳು, ಬ್ರೇಕ್ ಮಾಸ್ಟರ್ ಸಿಲಿಂಡರ್ ಎಲ್ಲವೂ ಇನ್ನೊಂದು ಬದಿಗೆ ಹೋಗಬೇಕಾದ್ದರಿಂದ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವೆ ಇರುವ ಫೈರ್‌ವಾಲ್ ತಗಡನ್ನು ಕೊಯ್ದು ಹೊಸದಾಗಿ ಬೆಸುಗೆ ಹಾಕಲೇಬೇಕಾಗುತ್ತದೆ. ಈ ಕಾರಿನ ಷಾಸಿ ನಂಬರನ್ನು ಅಚ್ಚೊತ್ತಿರುವುದೂ ಅದೇ ಫೈರ್‌ವಾಲ್ ಮೇಲೆ. ಆದ್ದರಿಂದ ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ಆ ಅಂಕಿಗಳ ಸುತ್ತ ಉಜ್ಜಿದ ಗುರುತು, ದಪ್ಪ ಬಣ್ಣ ಅಥವಾ ಬೆಸುಗೆಯ ಗೆರೆ ಕಾಣುತ್ತದೆಯೇ ಎಂದು ನಿಧಾನವಾಗಿ ನೋಡಿ. ಎಂಜಿನ್ನಿನ ನಂಬರ್ ಎಲ್24 ಎಂದೇ ಆರಂಭವಾಗಬೇಕು. ನಂತರದ 280 ಝಡ್ ಕಾರಿನ ಎಲ್28 ಎಂಜಿನ್ ಇದರಲ್ಲಿ ಸಲೀಸಾಗಿ ಕೂರುವುದರಿಂದ ಅನೇಕರು ಅದನ್ನೇ ಹಾಕಿಸಿಕೊಂಡಿದ್ದಾರೆ. ಅದು ಕೆಟ್ಟ ಎಂಜಿನ್ ಅಲ್ಲವಾದರೂ ಆರ್‌ಸಿಯಲ್ಲಿ ಒಂದು ನಂಬರ್, ಕಾರಿನಲ್ಲಿ ಇನ್ನೊಂದು ಎಂದಾದರೆ ಆರ್‌ಟಿಒ ಕಚೇರಿಯಲ್ಲಿ ಉತ್ತರ ಕೊಡಬೇಕಾದವರು ನೀವು.

ಕಾರು ಈ ದೇಶಕ್ಕೆ ಬಂದ ಬಗೆಯನ್ನೂ ಕೇಳಿ. ಭಾರತದಲ್ಲಿ ಈ ಮಾದರಿ ಮಾರಾಟವಾಗಿಲ್ಲ; ಯಾರೋ ಹೊರಗಿನಿಂದ ತಂದಿದ್ದಾರೆ. ಕಸ್ಟಮ್ಸ್ ಸುಂಕ ಕಟ್ಟಿದ ಬಿಲ್ ಆಫ್ ಎಂಟ್ರಿಯಿಂದ ಹಿಡಿದು ಇಂದಿನ ಮಾಲೀಕರವರೆಗಿನ ಕಾಗದಪತ್ರಗಳ ಸರಣಿ ಎಲ್ಲಿಯೂ ಕಡಿಯಬಾರದು. ಈ ಒಂದು ವಿಷಯದಲ್ಲಿ ಮಾಲೀಕರ ಬಾಯಿಮಾತು ಸಾಲದು.

ಇನ್ನು ರಿಸ್ಟೋರ್ ಮಾಡಿದ ಕೆಲಸದ ಬಗ್ಗೆ. 1990ರ ದಶಕದಲ್ಲಿ ಅಮೆರಿಕದ ನಿಸಾನ್ ಕಂಪನಿಯೇ ಹಳೆಯ 240 ಝಡ್ ಕಾರುಗಳನ್ನು ಕೊಂಡು, ಆಯ್ದ ವರ್ಕ್‌ಶಾಪುಗಳಲ್ಲಿ ಪೂರ್ತಿ ಬಿಚ್ಚಿಸಿ ಕಟ್ಟಿಸಿ, ತನ್ನ ಡೀಲರುಗಳ ಮೂಲಕ ಸುಮಾರು 25,000 ಡಾಲರಿಗೆ ವಾರಂಟಿ ಸಮೇತ ಮಾರಿತು. ತಯಾರಿಸಿದ ಕಂಪನಿಯೇ ಮುಂದೆ ನಿಂತರೂ ಯೋಜನೆ ಹೆಚ್ಚು ಕಾಲ ನಡೆಯಲಿಲ್ಲ. ನಿಜವಾಗಿ ಬಿಚ್ಚಿ ಕಟ್ಟುವ ಕೆಲಸ ಅಷ್ಟು ದುಬಾರಿಯಾದದ್ದು. ನಿಮಗೆ ಮಾರುವವರು ಕೇಳುತ್ತಿರುವ ಬೆಲೆ ಅಂಥ ಕೆಲಸದ್ದಾದರೆ ಅದಕ್ಕೆ ತಕ್ಕ ಸಾಕ್ಷಿಯೂ ಅವರಲ್ಲಿರಬೇಕು: ಬಣ್ಣ ಕಿತ್ತ ಬರಿ ತಗಡಿನ ಫೋಟೊಗಳು, ಬೆಸುಗೆಯ ಹಂತದ ಫೋಟೊಗಳು, ಬಿಡಿಭಾಗಗಳ ಬಿಲ್ಲುಗಳು. ಬಣ್ಣ ಹೊಡೆದ ಮೇಲಿನ ಚಿತ್ರಗಳನ್ನಷ್ಟೇ ತೋರಿಸುವವರ ಬಳಿ ನಾನಾದರೆ ಚೌಕಾಸಿಗೂ ಕೂರುವುದಿಲ್ಲ.

ಈ ಕಾರಿನ ನಿಜವಾದ ಶತ್ರು ತುಕ್ಕು. ಆರು ಸಿಲಿಂಡರಿನ 2,393 ಸಿಸಿ ಎಂಜಿನ್ ಬಲು ಗಟ್ಟಿ, ತಗಡು ಹಾಗಲ್ಲ. ಬ್ಯಾಟರಿ ಕೂರುವ ತಟ್ಟೆ ಮತ್ತು ಅದರ ಕೆಳಗಿನ ರೈಲು (ಬಾಡಿಗೆ ಆಧಾರವಾದ ಉದ್ದನೆಯ ತೊಲೆ), ಕಾಲಡಿಯ ತಗಡು, ಬಾಗಿಲಿನ ಹಿಂಭಾಗಕ್ಕೂ ಹಿಂಚಕ್ರಕ್ಕೂ ನಡುವಿನ ಮೂಲೆ, ಸ್ಟೆಪ್ನಿ ಇಡುವ ಗುಂಡಿ, ಇವೆಲ್ಲ ಮೊದಲು ಕೊಳೆಯುವ ಜಾಗಗಳು. ಚಿಕ್ಕ ಅಯಸ್ಕಾಂತವೊಂದನ್ನು ತೆಳುಬಟ್ಟೆಯಲ್ಲಿ ಸುತ್ತಿ ಹಿಂಚಕ್ರದ ಮುಂದಿನ ಮೂಲೆಯ ಮೇಲೆ ಸರಿಸುತ್ತ ಹೋಗಿ. ಬಾಗಿಲಿನ ಮೇಲೆ ಗಟ್ಟಿಯಾಗಿ ಹಿಡಿದ ಅಯಸ್ಕಾಂತ ಅಲ್ಲಿಗೆ ಬಂದೊಡನೆ ಜಾರಿ ಬಿದ್ದರೆ ಕೆಳಗಿರುವುದು ತಗಡಲ್ಲ, ಪುಟ್ಟಿ. ಇನ್ನೊಂದು ಪರೀಕ್ಷೆಗೆ ಒಂದು ಚೊಂಬು ನೀರು ಸಾಕು. ವೈಪರಿನ ಕೆಳಗಿರುವ ಗಾಳಿಕಂಡಿಗಳಿಗೆ ನೀರು ಸುರಿದರೆ ಅದು ಮುಂಚಕ್ರದ ಹಿಂದಿನಿಂದ ಸರಾಗವಾಗಿ ನೆಲಕ್ಕಿಳಿಯಬೇಕು. ತಡವಾಗಿ ತೊಟ್ಟಿಕ್ಕಿದರೆ ಒಳಗೆ ಕಸ ಕಟ್ಟಿದೆ, ಕ್ಯಾಬಿನ್ನಿನ ಮ್ಯಾಟ್ ಒದ್ದೆಯಾದರೆ ಒಳತಗಡೇ ತೂತಾಗಿದೆ. ಇಷ್ಟಾದ ಮೇಲೆ ಕಾರನ್ನು ಲಿಫ್ಟ್ ಮೇಲೆ ಏರಿಸಿ, ಮಾರುವವರ ಪರಿಚಯದವರಲ್ಲದ ಮೆಕ್ಯಾನಿಕ್ ಒಬ್ಬರಿಂದ ಕೆಳಭಾಗವನ್ನು ನೋಡಿಸಿ. ಲಿಫ್ಟ್‌ಗೆ ಒಪ್ಪದಿದ್ದರೆ ವ್ಯವಹಾರವನ್ನು ಅಲ್ಲಿಗೇ ಬಿಡಿ.

ನೋಂದಣಿಯ ವಿಚಾರದಲ್ಲಿ ಒಂದು ಎಚ್ಚರಿಕೆ. 2021ರ ನಿಯಮಗಳಂತೆ 50 ವರ್ಷ ದಾಟಿದ, ಷಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾಗದ ಖಾಸಗಿ ವಾಹನಗಳಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಫೈರ್‌ವಾಲ್ ಕೊಯ್ದ ಕಾರಿಗೆ ಇದು ಸಿಗುವುದೆಂಬ ಭರವಸೆಯ ಮೇಲೆ ಹಣ ಹಾಕಬೇಡಿ. ಸಿಕ್ಕರೂ ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥ ಕಾರಣಗಳಿಗಲ್ಲದೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರತಿ ಭಾನುವಾರ ಆಗುಂಬೆಗೆ ಹೋಗುವ ಆಸೆಯಿದ್ದರೆ ಈಗಿರುವ ಸಾಮಾನ್ಯ ಕೆಎ ನೋಂದಣಿಯೇ ಚಾಲ್ತಿಯಲ್ಲಿರಬೇಕು. ಅದರ ಅವಧಿ ಎಂದಿಗೆ ಮುಗಿಯುತ್ತದೆ, ಈ ಕಾರನ್ನು ನವೀಕರಿಸಿಕೊಡುತ್ತಾರೆಯೇ ಎಂಬುದನ್ನು ಶಿವಮೊಗ್ಗದ ಆರ್‌ಟಿಒ ಕಚೇರಿಗೆ ಹೋಗಿ ಮೊದಲೇ ವಿಚಾರಿಸಿ. ವಿಮೆಯಲ್ಲಿ ಐದು ವರ್ಷ ದಾಟಿದ ವಾಹನದ ಮೌಲ್ಯವನ್ನು ಕಂಪನಿಯೂ ಮಾಲೀಕರೂ ಮಾತನಾಡಿ ನಿಗದಿಪಡಿಸುವುದು ರೂಢಿ. ಮೇಲೆ ಹೇಳಿದ ಬಿಲ್ಲು, ಫೋಟೊಗಳು ಅಲ್ಲಿಯೂ ನೆರವಿಗೆ ಬರುತ್ತವೆ.

ಕೊನೆಯದಾಗಿ ನಿಮ್ಮ ಶೆಡ್. ಅಡಿಕೆ ಬೇಯಿಸುವ ಹಂಡೆಯ ಹಬೆ, ಒಲೆಯ ಹೊಗೆ, ಅದಕ್ಕೆ ಮೊದಲು ನಾಲ್ಕು ತಿಂಗಳ ಮಳೆಯ ಥಂಡಿ: ಈ ಕಾರಿಗೆ ಇದಕ್ಕಿಂತ ಕೆಟ್ಟ ಜಾಗವನ್ನು ಹುಡುಕುವುದು ಕಷ್ಟ. ನೆಲ ಎತ್ತರಿಸಿದ, ಎರಡು ಬದಿಯಿಂದ ಗಾಳಿಯಾಡುವ ಬೇರೆ ಜಾಗವನ್ನು ಮೊದಲು ಸಿದ್ಧಪಡಿಸಿ. ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿದರೆ ತೇವ ಒಳಗೇ ಉಳಿಯುವುದರಿಂದ ಬಟ್ಟೆಯ ಹೊದಿಕೆಯನ್ನೇ ಬಳಸಿ. ಬಾಗಿಲ ಕೆಳಗಿನ ಟೊಳ್ಳುಗಳೊಳಗೆ ಮೇಣದ ಸ್ಪ್ರೇ ಹೊಡೆಸಿ. ಅಡಿಕೆಗೆ ಬರುವ ಇಲಿಗಳು ವೈರಿಂಗಿಗೂ ಬಾಯಿ ಹಾಕುತ್ತವೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಈ ಕಾರನ್ನು ಓಡಿಸುವ ಸುಖ ದೊಡ್ಡದೇ, ಆದರೆ ಹಿಂದಿನ ಬ್ರೇಕುಗಳು ಡ್ರಮ್ ಮಾದರಿಯವು. ಇಳಿಯುವಾಗ ಗೇರಿನಲ್ಲೇ ವೇಗ ತಗ್ಗಿಸಿ.

ಪ್ರಶ್ನೆ: ರಿಸ್ಟೋರ್ ಮಾಡಿಸಿದ ಹಳೆಯ ಜಪಾನಿ ಕೂಪೆ ನನ್ನಲ್ಲಿದೆ, ಎರಡು ಕಾರ್ಬುರೇಟರ್‌ಗಳದ್ದು. ಮಳೆಗಾಲ ಪೂರ್ತಿ ನಿಲ್ಲಿಸಿ ದಸರಾ ಹೊತ್ತಿಗೆ ತೆಗೆದರೆ ಸ್ಟಾರ್ಟ್ ಆಗುವುದಿಲ್ಲ, ಪೆಟ್ರೋಲ್ ಒಸರುತ್ತದೆ. ಈಗಿನ ಪೆಟ್ರೋಲಿನ ತೊಂದರೆಯೇ? (ಸಾಗರದ ಓದುಗರು)

ಉತ್ತರ: ಬಹುಮಟ್ಟಿಗೆ ಹೌದು. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರ್ ಪೈಪುಗಳನ್ನೂ ಕಾರ್ಕ್ ವಾಷರುಗಳನ್ನೂ ಮೆದುವಾಗಿಸುತ್ತದೆ. ಮಲೆನಾಡಿನ ಆಷಾಢದಲ್ಲಿ ಅರ್ಧ ತುಂಬಿದ ಟ್ಯಾಂಕಿನೊಳಗೆ ಸೇರುವ ನೀರು ತಳದಲ್ಲಿ ನಿಂತು ತುಕ್ಕು ಹಿಡಿಸುತ್ತದೆ, ಆ ತುಕ್ಕಿನ ಪುಡಿ ಬಂದು, ಕಾರ್ಬುರೇಟರಿನ ಬಟ್ಟಲು ತುಂಬಿದೊಡನೆ ಪೆಟ್ರೋಲನ್ನು ತಡೆಯುವ ಫ್ಲೋಟ್ ಸೂಜಿಯಲ್ಲಿ ಸಿಕ್ಕಿದಾಗ ಪೆಟ್ರೋಲ್ ಉಕ್ಕುತ್ತದೆ. ಎಥನಾಲ್ ತಡೆಯುವ ಪೈಪುಗಳನ್ನು ಟ್ಯಾಂಕಿನಿಂದ ಕಾರ್ಬುರೇಟರಿನವರೆಗೂ ಹಾಕಿಸಿ. ಮಳೆಗೆ ಮುನ್ನ ಟ್ಯಾಂಕ್ ಪೂರ್ತಿ ತುಂಬಿಸಿ, ಕಾರ್ಬುರೇಟರಿನ ಬಟ್ಟಲುಗಳನ್ನು ಖಾಲಿ ಮಾಡಿಡಿ. ಪೆಟ್ರೋಲ್ ಒಸರುತ್ತಿರುವಾಗ ಸ್ಟಾರ್ಟ್ ಮಾಡಲು ಹೋಗಲೇಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ.

ಪ್ರಶ್ನೆ: 1990ರ ದಶಕದ ಮಾಜ್ದಾ ಎಂಎಕ್ಸ್-5 ಕಾರನ್ನು ಜಪಾನಿನಿಂದ ನೇರವಾಗಿ ತರಿಸಬಹುದೇ? (ಶಿವಮೊಗ್ಗದ ಓದುಗರು)

ಉತ್ತರ: ಸದ್ಯಕ್ಕೆ ಆಗುವುದಿಲ್ಲ. ಬಳಸಿದ ಕಾರನ್ನು ಆಮದು ಮಾಡಬೇಕಾದರೆ ಅದಕ್ಕೆ ಮೂರು ವರ್ಷ ಮೀರಿರಬಾರದು, ಇಲ್ಲವೇ ವಿಂಟೇಜ್ ಎಂದು ತರಿಸಲು 50 ವರ್ಷ ತುಂಬಿರಬೇಕು. ಈ ಮಾದರಿಯ ಮೊದಲ ಕಾರುಗಳು ತಯಾರಾದದ್ದು 1989ರಲ್ಲಿ. ಇಂದಿನ ನಿಯಮವೇ ಮುಂದುವರಿದರೂ ಅವುಗಳಿಗೆ 2039ರವರೆಗೆ ಕಾಯಬೇಕು.