ಯೂರಿಯಾ ಬಿದ್ದರೆ ಸೋಯಾ ಬೇರು ಗಂಟು ಕಟ್ಟದಿರುವುದೇಕೆ?

ಓದುಗರ ಪ್ರಶ್ನೆ: ಸೋಯಾಬೀನ್ ಬಿತ್ತಿದ ಎರಡು ತಾಕುಗಳಿಗೂ ಎಕರೆಗೆ ಒಂದು ಚೀಲ ಡಿಎಪಿ ಹಾಕಿದ್ದೆ. ಒಂದು ತಾಕಿಗೆ ಜೊತೆಗೊಂದು ಚೀಲ ಯೂರಿಯಾನೂ ಕೊಟ್ಟೆ. ಅಲ್ಲಿ ಎಲೆ ಕಡುಹಸಿರು, ಆದರೆ ಬೇರಿನಲ್ಲಿ ಗಂಟುಗಳೇ ಇಲ್ಲವೆನ್ನುವಷ್ಟು ಕಡಿಮೆ. ಯೂರಿಯಾ ರೈಜೋಬಿಯಂ ಅನ್ನು ಕೊಂದುಹಾಕಿತೆ? — ಓದುಗರು, ಬೀದರ್ ಜಿಲ್ಲೆ

ಸಂಪಾದಕರ ಉತ್ತರ:

ಮಾನ್ಯರೆ,

ರೈಜೋಬಿಯಂ ಎಂದರೆ ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ. ಅದನ್ನು ಯೂರಿಯಾ ಕೊಂದಿಲ್ಲ. ಗಂಟು ಬೇಡವೆಂದು ತೀರ್ಮಾನಿಸಿದ್ದು ನಿಮ್ಮ ಗಿಡವೇ. ಇದಕ್ಕೆ ಗಟ್ಟಿ ಸಾಕ್ಷಿ ಆಸ್ಟ್ರೇಲಿಯಾದಿಂದ ಬಂತು. ಅಲ್ಲಿನ ವಿಜ್ಞಾನಿಗಳು 1985ರಲ್ಲಿ ‘ಬ್ರ್ಯಾಗ್’ ಎಂಬ ಸೋಯಾ ತಳಿಯ ಬೀಜಗಳನ್ನು ರಾಸಾಯನಿಕದಿಂದ ಉಪಚರಿಸಿ, ನೈಟ್ರೇಟ್ (ಯೂರಿಯಾ ಮಣ್ಣಲ್ಲಿ ತಾಳುವ ಸಾರಜನಕದ ರೂಪ) ಹೇರಳವಾಗಿದ್ದರೂ ಮೈತುಂಬ ಗಂಟು ಕಟ್ಟುವ ಗಿಡಗಳನ್ನು ಪಡೆದರು. ನೈಟ್ರೇಟ್‌ಗೆ ಬ್ಯಾಕ್ಟೀರಿಯಾ ಸಾಯುವುದಾದರೆ ಅವುಗಳಲ್ಲೂ ಗಂಟು ಬರಬಾರದಿತ್ತಲ್ಲ? ಆ ಗಿಡದ ಚಿಗುರನ್ನು ಮಾಮೂಲಿ ಸೋಯಾದ ಬೇರಿಗೆ ಕಸಿ ಮಾಡಿದಾಗ ಆ ಬೇರೂ ವಿಪರೀತ ಗಂಟು ಕಟ್ಟಿತು. ಬೇರಿನಲ್ಲಿ ಎಷ್ಟು ಗಂಟಿರಬೇಕೆಂಬ ಲೆಕ್ಕ ಎಲೆಯ ಕೈಯಲ್ಲಿದೆ ಎಂದು ಇದರಿಂದ ಸ್ಪಷ್ಟವಾಯಿತು.

ಬೇರಿಗೆ ರೈಜೋಬಿಯಂ ಹೊಕ್ಕೊಡನೆ ಸಿಎಲ್ಇ ಗುಂಪಿನ ಪೆಪ್ಟೈಡ್‌ಗಳು ತಯಾರಾಗುತ್ತವೆ. ಹನ್ನೆರಡು–ಹದಿಮೂರು ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನ್ ತುಣುಕುಗಳಿವು, ಬೇರಿನಿಂದ ಎಲೆಗೆ ಸಂದೇಶ ಒಯ್ಯುತ್ತವೆ. ಲೋಟಸ್ (ತಾವರೆಯಲ್ಲ) ಎಂಬ ದ್ವಿದಳ ಸಸ್ಯದಲ್ಲಿ ಜಪಾನಿನ ಸಂಶೋಧಕರು 2013ರಲ್ಲಿ ಇಂಥ ಪೆಪ್ಟೈಡ್ ಒಂದನ್ನು ನೀರು ಮೇಲೇರುವ ನಾಳದ ರಸದಲ್ಲೇ ಹಿಡಿದರು. ಅದಕ್ಕೆ ಅರಾಬಿನೋಸ್ ಸಕ್ಕರೆ ಅಂಟಿಕೊಂಡಿರಲೇಬೇಕು. ಸಕ್ಕರೆಯಿಲ್ಲದ ಬರಿಯ ತುಣುಕು ಕೆಲಸ ಮಾಡುವುದಿಲ್ಲ. ಎಲೆಯ ಕೋಶಪೊರೆಯಲ್ಲಿ ಈ ಸಂದೇಶ ಹಿಡಿಯುವ ಗ್ರಾಹಕದ ಹೆಸರು ಸೋಯಾದಲ್ಲಿ ನಾರ್ಕ್, ಲೋಟಸ್‌ನಲ್ಲಿ ಹಾರ್1. ಆಸ್ಟ್ರೇಲಿಯಾದ ಆ ಗಿಡಗಳಲ್ಲಿ ಕೆಟ್ಟಿದ್ದು ಇದೇ. ಲೋಟಸ್‌ನಲ್ಲಿ ಮುಂದಿನ ಹೆಜ್ಜೆಯೂ ಗೊತ್ತಾಗಿದೆ: ಗಂಟು ಕಟ್ಟಲು ಬಿಡುವ ಒಂದು ಪುಟ್ಟ ಆರ್‌ಎನ್‌ಎ ಸದಾ ಎಲೆಯಿಂದ ಬೇರಿಗಿಳಿಯುತ್ತಿರುತ್ತದೆ, ಪೆಪ್ಟೈಡ್ ಬಂದು ಗ್ರಾಹಕಕ್ಕೆ ಕೂತರೆ ಅದರ ಉತ್ಪಾದನೆ ತಗ್ಗುತ್ತದೆ, ಹೊಸ ಗಂಟು ನಿಲ್ಲುತ್ತದೆ.

ನಿಮ್ಮ ಹೊಲದಲ್ಲಿ ಯೂರಿಯಾ ಮಣ್ಣಲ್ಲಿ ನೈಟ್ರೇಟ್ ಆಗಿ, ಇದೇ ಗುಂಪಿನ ಇನ್ನೊಂದು ಪೆಪ್ಟೈಡನ್ನು ಎಬ್ಬಿಸಿದೆ. ಸೋಯಾದಲ್ಲಿ ಅದು ಎಲೆಯವರೆಗೆ ಹೋಗುವುದಿಲ್ಲ, ಬೇರಿನಲ್ಲಿರುವ ನಾರ್ಕ್ ಮೂಲಕವೇ ಗಂಟನ್ನು ತಡೆಯುತ್ತದೆ. ಗಾಳಿಯ ಒಂದು ಸಾರಜನಕ ಅಣುವನ್ನು ಅಮೋನಿಯಾ ಮಾಡಲು ಕನಿಷ್ಠ 16 ಎಟಿಪಿ (ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣು) ಬೇಕು. ಅದಕ್ಕೆ ಸಕ್ಕರೆ ಕೊಡುವುದು ಗಿಡವೇ. ಮಣ್ಣಿನಲ್ಲೇ ಸಾರಜನಕ ಸಿಗುವಾಗ ಗಿಡ ಈ ಖರ್ಚು ಉಳಿಸುತ್ತದೆ. ಹಾಗಾದರೆ ತಡೆಯೇ ಇಲ್ಲದ ತಳಿ ಒಳ್ಳೆಯದಲ್ಲವೆ ಎನ್ನಬಹುದು. ಅಂಥ ಗಿಡಗಳು ಸಾಮಾನ್ಯವಾಗಿ ಗಿಡ್ಡವಾಗಿ ಬೆಳೆದು ಇಳುವರಿಯಲ್ಲಿ ಹಿಂದೆ ಬಿದ್ದವು.

ಈಗ ನಿಮ್ಮ ಗೊಬ್ಬರದ ಲೆಕ್ಕ. 50 ಕೆ.ಜಿ. ಡಿಎಪಿ ಚೀಲದಲ್ಲೇ 9 ಕೆ.ಜಿ. ಸಾರಜನಕವಿದೆ, ಅಂದರೆ ಹೆಕ್ಟೇರಿಗೆ ಸುಮಾರು 22 ಕೆ.ಜಿ. ಗಂಟು ಕೆಲಸ ಶುರುಮಾಡುವ ತನಕ ಸಸಿಗೆ ಅಷ್ಟು ಸಾಕೆಂದು ನಮ್ಮ ಅಭಿಪ್ರಾಯ. 45 ಕೆ.ಜಿ. ಯೂರಿಯಾ ಚೀಲ ಎಕರೆಗೆ ಇನ್ನೂ 20 ಕೆ.ಜಿ.ಗೂ ಹೆಚ್ಚು ಸಾರಜನಕ ಸೇರಿಸಿತು. ಆ ದುಡ್ಡು ಉಳಿಸಬಹುದಿತ್ತು.

ಮುಂದಿನ ಬಿತ್ತನೆಗೆ ಸೋಯಾಬೀನ್‌ನದೇ ರೈಜೋಬಿಯಂ ಕೇಳಿ ತನ್ನಿ, ಕಡಲೆಯದು ಇದಕ್ಕೆ ಹೊಂದುವುದಿಲ್ಲ. ಶಿಲೀಂಧ್ರನಾಶಕ ಲೇಪಿಸುವುದಿದ್ದರೆ ಮೊದಲೇ ಲೇಪಿಸಿ ಒಣಗಿಸಿ, ರೈಜೋಬಿಯಂ ಕೊನೆಗೆ ಬೆಲ್ಲದ ನೀರಿನಲ್ಲಿ ಕಲಸಿ ಹಚ್ಚಿ, ನೆರಳಲ್ಲಿ ಆರಿಸಿ ಅಂದೇ ಬಿತ್ತಿ. ಬೀಜ ಗೊಬ್ಬರಕ್ಕೆ ನೇರವಾಗಿ ತಾಗಬಾರದು. ಹಾಗಾದಾಗ ನೀವು ಭಯಪಟ್ಟಂತೆ ಬ್ಯಾಕ್ಟೀರಿಯಾ ಸಾಯುವುದುಂಟು.

40 ದಿನದ ಸುಮಾರಿಗೆ ಬೇರು ಪರೀಕ್ಷಿಸಿ, ಆದರೆ ಗಿಡವನ್ನು ಕೈಯಿಂದ ಕಿತ್ತು ನೋಡಬೇಡಿ, ಗಂಟು ಮಣ್ಣಲ್ಲೇ ಉಳಿದುಬಿಡುತ್ತವೆ. ಸಲಿಕೆಯಿಂದ ಮಣ್ಣು ಸಮೇತ ಎತ್ತಿ ಬಕೆಟ್ ನೀರಿನಲ್ಲಿ ನೆನೆಸಿ, ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ–ಕೆಂಪು ಇದ್ದರೆ ದುಡಿಯುತ್ತಿದೆ. ಬಿಳಿಯಿದ್ದರೆ ಎಳೆಯದು ಅಥವಾ ನಿಷ್ಫಲ, ಹಸಿರಾಗಿದ್ದರೆ ಮುಗಿದುಹೋದದ್ದು. ಸುಲಭವಾಗಿ ಉದುರದೆ ಬೇರೇ ಊದಿಕೊಂಡಂತಿದ್ದರೆ ಅದು ರೈಜೋಬಿಯಂ ಗಂಟಲ್ಲ, ಜಂತುಹುಳುವಿನದು. ಆ ಬೇರಿನ ಮಾದರಿಯನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ.

— ಸಂಪಾದಕ